ದೂರು ಕೊಟ್ಟರೆ ಸರಿಹೋಗುವ ಲೈನು

ಮಾರ್ಚ್ ೪, ಸೋಮವಾರ

ಇವಳು, ನನ್ನ ಹೆಂಡತಿ, ಬೆಳಿಗ್ಗೆ ಏಳರ ಬಸ್ಸಿಗೆ ಹೊರಟಳು. ಆರು ವಾರದ ತರಬೇತಿ. ಹದಿನೈದು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳಿಗೆ ಇನ್ನೇನು ಕಲಿಸಿಕೊಡುತ್ತಾರೋ ಕಾಣೆ. ಹೊರಡುವ ಮುಂಚೆ ಈ ನೋಟ್‌ಬುಕ್ಕನ್ನು ಫೋನಿನ ಪಕ್ಕ ಇಟ್ಟು, "ನೆಟ್ ಹೋದಾಗೆಲ್ಲ ಇದ್ರಲ್ಲಿ ಬರೆದಿಡಿ. ಎಷ್ಟೊತ್ತಿಗೆ ಹೋಯ್ತು, ಎಷ್ಟೊತ್ತಿಗೆ ಬಂತು. ಬರೆದಿಟ್ರೆ ಮಾತ್ರ ಆ ಫೋನಿನವರು ನಂಬ್ತಾರೆ," ಎಂದಳು.

ಹೋದದ್ದು ೧೦.೨೦. ಬಂದದ್ದು ೧.೨೫. ಮತ್ತೆ ಹೋದದ್ದು ೪.೧೫. ಬಂದದ್ದು ೬.೩೦. ನೆಟ್ ಬರುವುದೂ ಫೋನಿನ ತಂತಿಯಲ್ಲೇ; ಹೋದಾಗ ಫೋನಿನಲ್ಲಿ ಯಾರೋ ಹಪ್ಪಳ ಮುರಿಯುತ್ತಿರುವಂಥ ಸದ್ದು.

ಮಾರ್ಚ್ ೫, ಮಂಗಳವಾರ

ಇಡೀ ದಿನ ನೆಟ್ ಇತ್ತು. ಬರೆಯಲು ಏನೂ ಇಲ್ಲ.

ಮಾರ್ಚ್ ೬, ಬುಧವಾರ

ಹೋದದ್ದು ೧೦.೩೦. ಬಂದದ್ದು ೧.೨೦. ಹೋದದ್ದು ೪.೨೦. ಬಂದದ್ದು ೬.೪೦.

ಮೇಲ್ವಿಚಾರಕರ ಮೆಸೇಜು ಬಂದಿದೆ. ಇಪ್ಪತ್ತೆಂಟನೇ ತಾರೀಖಿನೊಳಗೆ ಭೂಗರ್ಭಶಾಸ್ತ್ರದ ಉಳಿದ ಹದಿನಾಲ್ಕು ಪಾಠ ಮುಗಿಯದಿದ್ದರೆ ಯಂತ್ರಕ್ಕೆ ಕೊಡುತ್ತಾರಂತೆ. ನನ್ನ ಕೆಲಸ ಇಷ್ಟೇ: ಅಂಚೆ ಶಿಕ್ಷಣ ಕಾಲೇಜಿನ ಮೇಷ್ಟ್ರು ವಿಡಿಯೋದಲ್ಲಿ ಮಾಡಿದ ಪಾಠವನ್ನು ಕೇಳಿಸಿಕೊಂಡು, ಅವರಾಡಿದ ಒಂದೊಂದು ಮಾತನ್ನೂ ಪರದೆಯ ಕೆಳಗೆ ಅಕ್ಷರದಲ್ಲಿ ಕೂರಿಸುವುದು. ಕಿವಿ ಕೇಳದ ಒಂಬತ್ತು ವಿದ್ಯಾರ್ಥಿಗಳಿದ್ದಾರೆ. ಅವರು ಪಾಠ ಕೇಳುವುದೇ ಈ ಅಕ್ಷರಗಳಲ್ಲಿ. ಕಾಲೇಜಿನ ಕಂಪ್ಯೂಟರಿನಿಂದ ಪಾಠ ಇಳಿಸಿಕೊಳ್ಳಲು ಬಿಡುವುದು ಬೆಳಿಗ್ಗೆ ಹತ್ತೂವರೆಯಿಂದ ಒಂದು, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಾತ್ರ, ನೆಟ್ ಹೋಗುವುದೂ ಸರಿಯಾಗಿ ಆಗಲೇ.

ಹೋದ ವರ್ಷ ಯಂತ್ರಕ್ಕೆ ಕೊಟ್ಟಿದ್ದರು. ಮೇಷ್ಟ್ರು ‘ಪದರಶಿಲೆ’ ಎಂದಲ್ಲೆಲ್ಲ ಅದು ‘ಪಾದರಕ್ಷೆ’ ಎಂದು ಬರೆಯಿತು. ಒಬ್ಬಳು ಪಾಪ ಪರೀಕ್ಷೆಯಲ್ಲಿ, ನದಿ ತಂದು ಹಾಕಿದ ಕೆಸರು ಲಕ್ಷಾಂತರ ವರ್ಷ ಒತ್ತಿ ಒತ್ತಿ ಪಾದರಕ್ಷೆಯಾಗುತ್ತದೆ ಎಂದು ಬರೆದು ನಪಾಸಾದಳು. ಈ ಸಲ ಮತ್ತೆ ಕಟ್ಟಿದ್ದಾಳಂತೆ.

ಮಾರ್ಚ್ ೭, ಗುರುವಾರ

ದೂರು ಕೊಡಲೇಬೇಕು. ಕೊಡಬೇಕಾದರೆ ಮಾತಾಡಬೇಕು. ನಮ್ಮ ಮನೆಯಲ್ಲಿ ಮಾತಾಡುವ ಖಾತೆ ಇವಳದು.

ನನಗೆ ಉಗ್ಗು. ಐದನೇ ವಯಸ್ಸಿನಿಂದಲೂ ಇದೆ. ಎದುರಿಗಿದ್ದವರ ಜೊತೆ ಹೇಗೋ ಸಂಭಾಳಿಸಿಕೊಳ್ಳುತ್ತೇನೆ, ಕೈ ಆಡಿಸುತ್ತೇನೆ, ನಗುತ್ತೇನೆ, ಬರದ ಪದ ಬಿಟ್ಟು ಬೇರೆ ಪದ ಹಿಡಿಯುತ್ತೇನೆ. ಫೋನಿನಲ್ಲಿ ಕೈಯೂ ಇಲ್ಲ, ನಗುವೂ ಇಲ್ಲ. ಹೆಸರಿಗಂತೂ ಬದಲಿ ಪದವೇ ಇಲ್ಲ. ಅದರ ಮೊದಲ ಅಕ್ಷರಕ್ಕೇ ಗಂಟಲಿಗೆ ಬೀಗ ಬೀಳುತ್ತದೆ, ಆ ಕಡೆಯವರು ‘ಹಲೋ ಹಲೋ’ ಎಂದು ಎರಡು ಸಲ ಕೂಗಿ ಇಟ್ಟುಬಿಡುತ್ತಾರೆ. ಮೊಬೈಲ್ ಆದರೂ ಅಷ್ಟೇ, ಜೊತೆಗೆ ನಮ್ಮ ಮನೆ ದಿಬ್ಬದ ಬುಡದಲ್ಲಿ ಗೋದಾಮಿನ ಗೋಡೆಯ ಹಿಂದಿರುವುದರಿಂದ ಅದಕ್ಕೆ ಸಿಗ್ನಲ್ಲೂ ಇಲ್ಲ. ತಾರಸಿಗೆ ಹೋಗಿ ನೀರಿನ ಟ್ಯಾಂಕಿಗೆ ಒರಗಿ ನಿಂತರೆ ಮೆಸೇಜು ಹೋಗುತ್ತದೆ, ಅಷ್ಟೇ.

೧೧ ಗಂಟೆಗೆ ದೂರು ಕಚೇರಿಗೆ ಫೋನ್ ಮಾಡಿದೆ. ಹೆಂಗಸಿನ ದನಿ. "ದೂರು ವಿಭಾಗ, ಹೇಳಿ," ಎಂದರು. ನಾನು ಹೇಳಲು ಹೋದೆ. ಏನೂ ಹೊರಡಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದೆ, ಮುಳ್ಳು ಹದಿನೆಂಟು ಸಲ ಕುಣಿಯಿತು.

"ಹಲೋ... ನಿಮ್ಮ ಲೈನು ಕೆಟ್ಟಿದೆ ಅನ್ಸುತ್ತೆ," ಎಂದರು ಅವರು. "ನಂಬರು ಇಲ್ಲಿ ಕಾಣ್ತಿದೆ. ದೂರು ಬರ್ಕೋತೀನಿ. ನಾಳೆ ಲೈನ್‌ಮನ್ ಬರ್ತಾರೆ."

ಇಟ್ಟೆ. ಬೆವರು ಒರೆಸಿಕೊಂಡು ಯೋಚಿಸಿದರೆ ನಗು ಬಂತು. ನನ್ನ ಗಂಟಲಿನ ದೋಷ ಲೈನಿನ ಲೆಕ್ಕಕ್ಕೆ ಹೋಯಿತು. ಒಂದು ಮಾತೂ ಆಡದೆ ದೂರು ಕೊಟ್ಟವನು ಊರಿಗೆ ನಾನೊಬ್ಬನೇ ಇರಬೇಕು.

ಮಾರ್ಚ್ ೮, ಶುಕ್ರವಾರ

ಲೈನ್‌ಮನ್ ಮಧ್ಯಾಹ್ನ ಎರಡೂವರೆಗೆ ಬಂದರು. ತೆಳ್ಳಗಿನ ಮನುಷ್ಯ, ಸೊಂಟದ ಪಟ್ಟಿಗೆ ಇಕ್ಕಳ, ಕಿವಿಯ ಮೇಲೆ ಪೆನ್ನು. ಆ ಹೊತ್ತಿಗೆ ನೆಟ್ ಬಂದು ಒಂದು ಗಂಟೆಯಾಗಿತ್ತು. ವೈದ್ಯರ ಬಾಗಿಲಿಗೆ ಹೋದರೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

"ಎಲ್ಲ ಸರಿಯಿದೆಯಲ್ಲ ಸಾರ್?" ಎಂದು ಪೆನ್ನು ತೆಗೆದು ಗೀಚಿಕೊಂಡು ಹೋದರು. ಅವರು ಗೇಟು ದಾಟುವ ಮೊದಲೇ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂದು ಮೆಸೇಜು ಹೊರಟಿತ್ತು. ತಾರಸಿಗೆ ಹೋದ ಮೇಲೆ ಸಿಕ್ಕಿತು.

ಹೋದದ್ದು ೪.೧೦.

ಮಾರ್ಚ್ ೯, ಶನಿವಾರ

ಇವತ್ತು ಮಾವನವರು ಕಣಕ್ಕಿಳಿದರು.

ಮಾವ ನಮ್ಮ ಜೊತೆಗಿದ್ದು ಎರಡು ವರ್ಷ. ಬಸ್ ಕಂಡಕ್ಟರಾಗಿ ಮೂವತ್ತೊಂದು ವರ್ಷ ಇಂಜಿನ್ನಿನ ಪಕ್ಕ ನಿಂತವರು, ಕಿವಿ ಅಲ್ಲೇ ಬಿಟ್ಟು ಬಂದಿದ್ದಾರೆ. ದನಿ ಮಾತ್ರ ಹಿಂದಿನ ಸೀಟಿನವರೆಗೂ ಮುಟ್ಟುತ್ತದೆ. ಅವರಿಗೆ ಕೇಳಿಸದು, ನನಗೆ ಹೇಳಲಾಗದು, ಆದ್ದರಿಂದ ನಾವು ಎರಡು ವರ್ಷವೂ ಒಂದೇ ಪೇಪರನ್ನು ಅರ್ಧರ್ಧ ಹಂಚಿಕೊಂಡು ಓದುತ್ತ ಬಹಳ ಅನ್ಯೋನ್ಯವಾಗಿದ್ದೇವೆ.

ನಾನು ಮೋಡೆಮ್ ಮುಂದೆ ತಲೆಮೇಲೆ ಕೈಹೊತ್ತು ಕೂತದ್ದು ನೋಡಿ, "ಅಳಿಯಂದ್ರೇ, ನೀವು ಕಿವಿ, ನಾನು ಬಾಯಿ. ಹಚ್ಚಿ ಫೋನು!" ಎಂದರು. ಸ್ಪೀಕರ್ ಗುಂಡಿ ಒತ್ತಿದೆ. ದೂರು ಕಚೇರಿಯ ಮೇಡಂ ಕೇಳಿದ್ದನ್ನು ನಾನು ಸ್ಲೇಟಿನ ಮೇಲೆ ಬರೆಯುವುದು, ಮಾವ ಓದಿ ಉತ್ತರ ಕೂಗುವುದು ಎಂದು ಒಪ್ಪಂದ.

ನಾನು ಬರೆದು ಮುಗಿಸುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆ ಕೇಳಿಬಿಡುತ್ತಿದ್ದರು.

"ಮೋಡೆಮ್‌ನಲ್ಲಿ ಯಾವ ಬಣ್ಣದ ದೀಪ ಉರೀತಿದೆ?... ಹಲೋ? ಎಷ್ಟು ದಿನದಿಂದ ತೊಂದ್ರೆ?"

"ಕೆಂಪು!" ಎಂದು ಮಾವ ಗರ್ಜಿಸಿದರು.

"ಅಲ್ಲ, ಎಷ್ಟು ದಿನ ಅಂತ ಕೇಳ್ದೆ. ಸರಿ, ಮನೆಯಲ್ಲಿ ಫೋನ್ ಎಷ್ಟಿವೆ?"

"ಆರು ದಿನ!"

"ಆರು ಫೋನಾ?"

"ಒಂದೇ ಒಂದು! ಮುಂದೆ ಕೇಳಿ, ಮುಂದೆ ಕೇಳಿ, ಬಾಗಿಲಲ್ಲಿ ನಿಲ್ಬೇಡಿ!"

ಆ ಕಡೆ ಮೇಡಂ ನಕ್ಕದ್ದು ಸ್ಪೀಕರಿನಲ್ಲಿ ಕೇಳಿಸಿತು. ನಾನೂ ನಕ್ಕೆ. ನಾವು ನಕ್ಕದ್ದು ನೋಡಿ ಮಾವ ಯಾಕೆಂದು ಗೊತ್ತಿಲ್ಲದೆಯೂ ನಕ್ಕರು.

ಒಂದು ವಿಚಿತ್ರ. ಫೋನ್ ಇಟ್ಟು ನೋಡಿದರೆ ದೀಪ ಹಸಿರಾಗಿದೆ. ಹೋದದ್ದು ೧೦.೨೦, ಬಂದದ್ದು ೧೧.೦೫. ಯಾವತ್ತೂ ಒಂದು ಗಂಟೆಗೆ ಮುಂಚೆ ಬಂದದ್ದಿಲ್ಲ. ೧೧.೩೦ಕ್ಕೆ ಮತ್ತೆ ಹೋಯಿತು.

ಮಾರ್ಚ್ ೧೧, ಸೋಮವಾರ

ಪರೀಕ್ಷೆ ಮಾಡಿ ನೋಡಿದೆ. ೧೦.೩೦ಕ್ಕೆ ನೆಟ್ ಹೋಯಿತು. ಏನೂ ಮಾಡದೆ ಅರ್ಧ ಗಂಟೆ ಕಾದೆ, ಬರಲಿಲ್ಲ. ಮಾವನ ಕೈಲಿ ಅವರ ಹಳೇ ಡ್ರೈವರ್ ಗೆಳೆಯನಿಗೆ ಫೋನ್ ಮಾಡಿಸಿದೆ. ಆ ಗೆಳೆಯರಿಗೂ ಕಿವಿ ಅಷ್ಟಕ್ಕಷ್ಟೇ. ಇಬ್ಬರೂ ಏಕಕಾಲಕ್ಕೆ ಹತ್ತು ನಿಮಿಷ ಕೂಗಿಕೊಂಡು ತೃಪ್ತರಾದರು. ನಾಲ್ಕನೇ ನಿಮಿಷಕ್ಕೆ ದೀಪ ಹಸಿರಾಯಿತು! ಫೋನ್ ಇಟ್ಟ ಮೇಲೂ ಇಪ್ಪತ್ತೈದು ನಿಮಿಷ ನಿಂತಿತು.

ಸಂಜೆ ಮತ್ತೆ ಅದೇ. ಅಂದರೆ ಈ ಲೈನಿನಲ್ಲಿ ಮಾತಾಡಿದರೆ ನೆಟ್ ಬರುತ್ತದೆ. ದೂರು ಕೊಟ್ಟ ತಕ್ಷಣ ದೂರಿನ ಕಾರಣವೇ ಇಲ್ಲವಾಗುತ್ತದೆ. ಲೈನ್‌ಮನ್ನಿಗೆ ದೋಷ ಸಿಗದೇ ಇರುವುದರಲ್ಲಿ ಆಶ್ಚರ್ಯವೇನು? ಇಂಥದ್ದನ್ನು ನಾನು ಕಂಡಿರಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ಯಾಕಿರಬಹುದು ಎಂದು ಯೋಚಿಸುತ್ತ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ. ಮಾವ ಎದ್ದು ಉಪ್ಪಿನ ಡಬ್ಬಿ ತಂದುಕೊಂಡರು.

ಒಂದು ಪಾಠ ಇಳಿಸಿಕೊಳ್ಳಲು ನಲವತ್ತು ನಿಮಿಷ ಬೇಕು. ಅಂದರೆ ಪಾಠಕ್ಕೆ ಎರಡು ಫೋನ್.

ಮಾರ್ಚ್ ೧೪, ಗುರುವಾರ

ಮೂರು ದಿನದಲ್ಲಿ ಐದು ಪಾಠ ಮುಗಿದವು. ಮಾವನ ಪರಿಚಯದವರೆಲ್ಲ ಮುಗಿಯುತ್ತ ಬಂದಿದ್ದಾರೆ. ಇವತ್ತು ಬೆಳಿಗ್ಗೆ ಇಪ್ಪತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಕೊಡೆ ಬಿಟ್ಟುಹೋದವರೊಬ್ಬರ ನಂಬರನ್ನು ಡೈರಿಯಲ್ಲಿ ಹುಡುಕಿ ಫೋನ್ ಮಾಡಿ, "ನಿಮ್ಮ ಕೊಡೆ ಸಿಕ್ತಾ?" ಎಂದು ವಿಚಾರಿಸಿದರು.

ಕಷ್ಟ ಏನೆಂದರೆ ನಾಳೆ ಮಾವ ಹೊರಡುತ್ತಾರೆ. ಕಣ್ಣಿನ ಪೊರೆ ತೆಗೆಸಬೇಕು, ದೊಡ್ಡ ಮಗಳ ಮನೆಯಲ್ಲಿ ಎರಡು ವಾರ. ಉಳಿದದ್ದು ಒಂಬತ್ತು ಪಾಠ.

ಮಾರ್ಚ್ ೧೫, ಶುಕ್ರವಾರ

ಬಸ್ ಹತ್ತುವಾಗ ಮಾವ, "ಅಳಿಯಂದ್ರೇ, ಮೂವತ್ತೊಂದು ವರ್ಷದಲ್ಲಿ ನಾ ಕಂಡದ್ದು ಹೇಳ್ತೀನಿ. ತಡವಾಗಿ ಬಂದ ಬಸ್ಸನ್ನ ಜನ ಬೈತಾರೆ, ಆದ್ರೆ ಹತ್ತೇ ಹತ್ತುತಾರೆ," ಎಂದರು. ಇಡೀ ನಿಲ್ದಾಣ ತಿರುಗಿ ನೋಡಿತು. ಏನು ಹೇಳಿದರೋ ಆಗ ಅರ್ಥವಾಗಲಿಲ್ಲ, ಈಗಲೂ ಇಲ್ಲ.

ಮಾರ್ಚ್ ೧೬, ಶನಿವಾರ

ಯಂತ್ರಗಳಿಗೆ ಫೋನ್ ಮಾಡಿದೆ. ರೈಲಿನ ವಿಚಾರಣೆ, ಗ್ಯಾಸ್ ಬುಕಿಂಗ್, ಬ್ಯಾಂಕು. ಮಾತಾಡಬೇಕಿಲ್ಲ ಎಂಬುದು ಉಪಾಯ. ಆದರೆ ಎಲ್ಲ ಯಂತ್ರಗಳೂ ಒಂದು ನಿಮಿಷಕ್ಕೆ ನಮಸ್ಕಾರ ಹೇಳಿ ಇಟ್ಟುಬಿಡುತ್ತವೆ. ನೆಟ್ ಬರಲು ನಾಲ್ಕು ನಿಮಿಷ ಬೇಕು. ರಿಸೀವರ್ ಎತ್ತಿ ಹಾಗೇ ಬಿಟ್ಟೂ ನೋಡಿದೆ, ಸ್ವಲ್ಪ ಹೊತ್ತಿಗೆ ಅದು ಕುಯ್ಯೋ ಎಂದು ಅರಚಿ ಸತ್ತಿತು.

ಇವಳು ತರಬೇತಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಮಾತ್ರ ಸಿಗುತ್ತಾಳೆ. ಆಗ ನೆಟ್ ಇದ್ದೇ ಇರುತ್ತದೆ. ಹಸಿವಿಲ್ಲದಾಗ ಬಡಿಸಿದಂತೆ.

ಒಂದೂ ಪಾಠ ಇಳಿಯಲಿಲ್ಲ.

ಮಾರ್ಚ್ ೧೮, ಸೋಮವಾರ

೧೦.೪೦ಕ್ಕೆ ದೂರು ಕಚೇರಿಗೇ ಮಾಡಿದೆ. ಮತ್ತಾರಿಗೆ ಮಾಡಲಿ?

"ದೂರು ವಿಭಾಗ... ಓ, ಆರು ಫೋನಿನ ಮನೆ! ಯಜಮಾನ್ರು ಇಲ್ವಾ ಇವತ್ತು?"

"ಊರಿಗೆ ಹೋ—" ಎಂದೆ. ಮುಂದಿನದು ಸಿಕ್ಕಿಹಾಕಿಕೊಂಡಿತು. ಇನ್ನೇನು ಇಡುತ್ತಾರೆ ಎಂದುಕೊಂಡೆ.

"ಲೈನು ನಡುನಡುವೆ ಕಟ್ ಆಗ್ತಿದೆ ಸರ್. ಪರವಾಗಿಲ್ಲ, ನಿಧಾನವಾಗಿ ಹೇಳಿ, ನಾನು ಇಡಲ್ಲ."

ಅದನ್ನು ಕೇಳಿ ಎಂಥ ನಿರಾಳ! ಸಿಕ್ಕಿಕೊಂಡದ್ದೆಲ್ಲ ಲೈನಿನ ತಲೆಗೆ. ನನಗೇನು ನಷ್ಟ? ಮಾತಾಡಿದರೆ ನೆಟ್ ಬರುವ ಸಂಗತಿಯನ್ನು ಪೂರ್ತಿ ವಿವರಿಸಿದೆ. ಅಲ್ಲಲ್ಲಿ ತಡೆಯಿತು, ತಡೆದಾಗ ಸುಮ್ಮನಿದ್ದೆ, ಅವರೂ ಸುಮ್ಮನಿದ್ದರು. ಬದಲಿ ಪದ ಹುಡುಕುವ ಗೋಜಿಗೆ ಹೋಗಲಿಲ್ಲ. ಲೈನು ಕೆಟ್ಟಿರುವಾಗ ಯಾವ ಪದವಾದರೇನು?

ಅವರು ಆಸಕ್ತಿಯಿಂದ ಕೇಳಿದರು. "ಅದು ತುಕ್ಕು ಹಿಡಿದ ಜಾಯಿಂಟ್ ಇರ್ಬೇಕು ಸರ್. ಮಾತಾಡೋವಾಗ ತಂತೀಲಿ ಕರೆಂಟ್ ಹರಿಯುತ್ತೆ, ತುಕ್ಕಿನ ಪೊರೆ ಬಿಟ್ಕೊಡುತ್ತೆ. ಸುಮ್ನೆ ಬಿಟ್ರೆ ಮತ್ತೆ ಕೂರುತ್ತೆ. ಆದ್ರೆ ದಿನಾ ಅದೇ ಹೊತ್ತಿಗೆ ಯಾಕೆ ಹೋಗುತ್ತೆ ಅನ್ನೋದು ಗೊತ್ತಾಗ್ತಿಲ್ಲ. ನೀವು ಹೊತ್ತು ಬರೆದಿಟ್ಟಿದೀರಾ?"

ಬರೆದಿಟ್ಟಿದ್ದೇನೆ ಎಂದೆ. ಈ ಪುಟಗಳನ್ನೆಲ್ಲ ಓದಿ ಹೇಳಿದೆ. ಹನ್ನೊಂದು ನಿಮಿಷ. ಒಂದು ಪಾಠದ ಮುಕ್ಕಾಲು ಭಾಗ ಇಳಿಯಿತು.

ಮಾರ್ಚ್ ೧೯, ಮಂಗಳವಾರ

ಇಡೀ ದಿನ ನೆಟ್! ಮೂರು ಪಾಠ ಇಳಿಸಿದೆ.

ಹಿಂದಿನ ಪುಟ ತಿರುವಿದೆ. ಐದನೇ ತಾರೀಖು ಮಂಗಳವಾರ, ಇತ್ತು. ಹನ್ನೆರಡು ಮಂಗಳವಾರ, ಅವತ್ತು ಮಾವನಿಗೆ ಒಂದೂ ಫೋನ್ ಮಾಡುವ ಕೆಲಸ ಬಿದ್ದಿರಲಿಲ್ಲ, ಅಂದರೆ ಇತ್ತು. ತುಕ್ಕಿಗೆ ವಾರ ಗೊತ್ತಾಗುವುದು ಹೇಗೆ? ಮಂಗಳವಾರ ರಜೆ ತೆಗೆದುಕೊಳ್ಳುವ ಯಾರದೋ ಕೈವಾಡ ಇದರಲ್ಲಿದೆ. ಒಂದರಿಂದ ನಾಲ್ಕರವರೆಗೆ ಊಟ, ನಿದ್ದೆ ಮಾಡುವವರು.

ಮಾರ್ಚ್ ೨೦, ಬುಧವಾರ

ಮೇಡಂ ರಜೆಯಂತೆ, ಬೇರೆ ಯಾರೋ ಎತ್ತಿ ಎರಡನೇ ಹಲೋಗೇ ಇಟ್ಟರು.

೧೧.೧೫ರವರೆಗೆ ಸುಮ್ಮನೆ ಕೂತೆ. ಆರು ಪಾಠ ಉಳಿದಿವೆ. ನಂತರ ಅಕ್ಕನಿಗೆ ಮಾಡಿದೆ. ಅಕ್ಕನ ನಂಬರು ನನ್ನಲ್ಲಿ ಹನ್ನೆರಡು ವರ್ಷದಿಂದ ಇದೆ, ಮೆಸೇಜು ಕಳಿಸಲು. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರಿಗೆ ‘ಬಂದಿದಾನೆ’ ಎನ್ನುತ್ತಿದ್ದವಳು ಅವಳೇ, ಒಂದೇ ಕೋಣೆಯಲ್ಲಿ ಎರಡು ತರಗತಿ ನಡೆಯುತ್ತಿದ್ದ ಕಾಲ.

"ಹಲೋ, ಯಾರು?"

ನನ್ನ ಬಾಯಿಂದ ಬರಲಿಲ್ಲ. ಅಕ್ಕ ಇನ್ನೊಂದು ಸಲ ಯಾರು ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನೀನೇನೋ?" ಎಂದಳು.

"ಹೂಂ."

"ಅಯ್ಯೋ ದೇವ್ರೇ! ಏನಾಯ್ತೋ? ಯಾರಿಗೇನಾಯ್ತು? ಅವಳು ಹುಷಾರಾಗಿದಾಳಾ? ಮಾವನವರಾ?"

"ಯಾ... ಯಾರೂ ಸತ್ತಿಲ್ಲ ಅಕ್ಕ. ನೆಟ್ ಹೋಗಿದೆ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ನಿಜವಾಗಿ ಲೈನೇ ಹೋಯಿತೇನೋ ಎಂದುಕೊಂಡೆ. ಆಮೇಲೆ ನಗತೊಡಗಿದಳು. ಅವಳ ಕಚೇರಿ, ಅವಳ ಮೊಣಕಾಲು, ನೀರಿನ ಪಂಪು ಎಲ್ಲ ಹೇಳಿದಳು. ನಾನು ಹಪ್ಪಳದ ಸದ್ದಿನ ಬಗ್ಗೆ, ಮಂಗಳವಾರದ ಬಗ್ಗೆ ಹೇಳಿದೆ. ಕೊನೆಗೆ, "ನಿನ್ನ ದನಿ ಫೋನಲ್ಲಿ ಥೇಟ್ ಅಪ್ಪಂದೇ ಕಣೋ. ನಂಗೆ ಗೊತ್ತೇ ಇರ್ಲಿಲ್ಲ," ಎಂದಳು. ನೆಗಡಿಯಾಗಿದೆಯೆಂದು ಕಾಣುತ್ತದೆ, ಮೂಗು ಎಳೆಯುತ್ತಿದ್ದಳು.

೨೪ ನಿಮಿಷ ಮಾತು. ನೆಟ್ ಬಂದದ್ದು ೧೧.೨೦, ಹೋದದ್ದು ೧೨.೧೦. ಇಲ್ಲಿಯವರೆಗಿನ ದಾಖಲೆ.

ಮಾರ್ಚ್ ೨೧, ಗುರುವಾರ

ತಂತಿಯ ಬೆನ್ನು ಹತ್ತಿ ಹೋದೆ. ನಮ್ಮ ಗೋಡೆಯಿಂದ ಬೀದಿಯ ಕಂಬಕ್ಕೆ, ಅಲ್ಲಿಂದ ಗೋದಾಮಿನ ಮೂಲೆಗೆ, ಮೇಲೆ ತಿರುಗಿ ಕ್ಷೌರದಂಗಡಿಯ ಸೂರಿಗೆ. ಹತ್ತು ವರ್ಷದಿಂದ ಈ ಬೀದಿಯಲ್ಲಿ ನೆಲ ನೋಡಿಕೊಂಡು ಓಡಾಡಿದವನು ಇವತ್ತು ಮೊದಲ ಸಲ ತಲೆಯೆತ್ತಿ ನಡೆದೆ. ಕತ್ತು ನೋಯುತ್ತಿದೆ.

ಕ್ಷೌರದಂಗಡಿಗೂ ಮಂಗಳವಾರವೇ ರಜೆ. ಹಿಡಿದೆ ಕಳ್ಳನನ್ನು ಎಂದುಕೊಂಡು ಒಳಗೆ ಹೋಗಿ ವಿಚಾರಿಸಿದೆ. ಮಧ್ಯಾಹ್ನ ನಿದ್ದೆ ಮಾಡ್ತೀರಾ ಎಂದು ಕೇಳಿದೆ. "ನಿದ್ದೆಯಾ? ಬೆಳಿಗ್ಗೆಯಿಂದ ಕತ್ತರಿ ಕೆಳಗಿಟ್ಟಿಲ್ಲ ಸಾರ್," ಎಂದು ಕ್ಷೌರಿಕ ಬೇಸರಪಟ್ಟ. ತಪ್ಪಿಗೆ ತಲೆ ಒಪ್ಪಿಸಿ ಬಂದೆ. ತಂತಿ ಅಲ್ಲಿಂದ ಮುಂದಕ್ಕೆ ಲಾಂಡ್ರಿಗೆ ಹೋಗುತ್ತದೆ, ಅದರ ದೊಡ್ಡ ಬೋರ್ಡಿನ ಹಿಂದೆ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ.

ನಿಂತು ನೋಡುತ್ತಿದ್ದೆ. ಒಳಗೆ ಇಸ್ತ್ರಿ ಯಂತ್ರದ ಪೆಡಲು ತುಳಿದ ಸದ್ದಾಯಿತು. ಕಿಟಕಿಯ ಪಕ್ಕದ ಕೊಳವೆಯಿಂದ ಬುಸ್ ಎಂದು ಬಿಳಿ ಆವಿ ಬಂದು ನೇರ ಬೋರ್ಡಿನ ಹಿಂದಕ್ಕೆ ನುಗ್ಗಿತು.

ಬಾಗಿಲ ಮೇಲೆ ಬರೆದಿತ್ತು: ‘ಬೆಳಿಗ್ಗೆ ೧೦ ರಿಂದ ೧, ಸಂಜೆ ೪ ರಿಂದ ೬. ಮಂಗಳವಾರ ರಜೆ.’

ಬೀದಿಯಲ್ಲೇ ಚಪ್ಪಾಳೆ ತಟ್ಟಿದೆನೆಂದು ಕಾಣುತ್ತದೆ. ಒಬ್ಬ ಸೈಕಲ್ಲಿನವನು ಇಳಿದು ನೋಡಿದ.

ಮಾರ್ಚ್ ೨೨, ಶುಕ್ರವಾರ

ಲಾಂಡ್ರಿಯಮ್ಮ ಒಪ್ಪುತ್ತಿಲ್ಲ. ಅರವತ್ತರ ಆಸುಪಾಸು, ತೋಳು ಪೈಲ್ವಾನನ ಹಾಗೆ. "ಬೋರ್ಡು ಬಿಚ್ಚೋದಾ? ಹೋದ ಸಲ ಫೋನಿನವರು ಹೀಗೇ ಬಂದು ಏಣಿ ಇಟ್ಟು ನನ್ನ ಹೆಂಚು ಒಡೆದು ಹೋದ್ರು. ಮಳೆ ನೀರು ಮದುವೆ ಸೀರೆ ಮೇಲೆ ಸುರೀತು. ಯಾರೂ ಮುಟ್ಟೋಹಾಗಿಲ್ಲ," ಎಂದರು.

ನಾನು ಪದರಶಿಲೆಯ ಕತೆ ಹೇಳಿದೆ. ಹೇಳಬೇಕೆಂದು ಹೋಗಿರಲಿಲ್ಲ, ಬಾಯಿಗೆ ಬಂತು. ಬಂತು ಎಂದರೆ ಸುಲಭವಾಗಿ ಅಲ್ಲ. ‘ಪ’ಕಾರ ನನ್ನ ಕಡುವೈರಿ. ‘ಪಾದರಕ್ಷೆ’ ಎನ್ನಲು ಒಂದು ಅಂಗಿಯ ಇಸ್ತ್ರಿ ಮುಗಿಯಿತು. ಲಾಂಡ್ರಿಯಮ್ಮ ಅಂಗಿ ಮಡಿಸುತ್ತ ಕಾದರು. ಮುಗಿದ ಮೇಲೆ, "ಆ ಹುಡುಗಿ ಫೇಲಾದ್ಲಾ? ಚಪ್ಪಲಿ ಅಂತ ಬರೆದಿದ್ದಕ್ಕೆ?" ಎಂದರು.

"ಹೌದು."

"ಅವಳಿಗೆ ಹಾಗೇ ತೋರ್ಸಿದ್ರೆ ಅವಳೇನು ಮಾಡ್ತಾಳೆ, ಪಾಪ." ಸ್ವಲ್ಪ ಹೊತ್ತು ಬಿಟ್ಟು, "ಹೆಂಚು ಒಡೆದ್ರೆ?" ಎಂದರು.

"ನಾ... ನಾನೇ ಏಣಿ ಹಿಡ್ಕೋತೀನಿ."

"ಸೋಮವಾರ ಹನ್ನೊಂದಕ್ಕೆ ಬರ್ಲಿ. ಅವನಲ್ಲ, ಏಣಿ ನೀವೇ ಹಿಡೀಬೇಕು."

ಮನೆಗೆ ಬಂದು ಮೇಡಂಗೆ ಫೋನ್ ಮಾಡಿ ಹೇಳಿದೆ. "ಕಂಡುಹಿಡಿದೇಬಿಟ್ರಾ!" ಎಂದು ಅವರು ಕೂಗಿದ ರಭಸಕ್ಕೆ ಅವರ ಪಕ್ಕದಲ್ಲಿದ್ದವರು ಯಾರೋ ಏನಾಯಿತು ಎಂದು ಕೇಳಿದರು. ಲೈನ್‌ಮನ್ನನ್ನು ಸರಿಯಾಗಿ ಇಸ್ತ್ರಿಯ ಹೊತ್ತಿಗೇ ಕಳಿಸುತ್ತೇನೆ ಎಂದರು.

ಅಕ್ಕನಿಗೂ ಹೇಳಿದೆ. ೧೮ ನಿಮಿಷ.

ಮಾರ್ಚ್ ೨೫, ಸೋಮವಾರ

ಏಣಿ ಹಿಡಿದೆ. ಬೋರ್ಡು ಬಿಚ್ಚಿದರೆ ಹಿಂದೆ ಜೇಡರ ಬಲೆ, ಒಂದು ಗುಬ್ಬಿಯ ಹಳೇ ಗೂಡು, ಅದರ ನಡುವೆ ಟೇಪು ಕಳಚಿ ಹಸಿರುಗಟ್ಟಿದ ಗಂಟು. ಲೈನ್‌ಮನ್ ಬೆರಳಲ್ಲಿ ಮುಟ್ಟಿದ್ದೇ ತಡ ಪುಡಿಪುಡಿ ಉದುರಿತು.

"ಈ ಸ್ಥಿತೀಲಿ ಇಷ್ಟು ದಿನ ನೆಟ್ ಹೇಗೆ ಬಂತು ಸಾರ್ ನಿಮ್ಗೆ?"

"ಮಾತಾಡ್ತಾ ಇದ್ದೆ," ಎಂದೆ.

ಹೊಸ ತಂತಿ, ನೀರು ಹೋಗದ ಡಬ್ಬಿ, ಆವಿಯ ಕೊಳವೆಗೊಂದು ಬಾಗು. ಲಾಂಡ್ರಿಯಮ್ಮ ಕೆಳಗೆ ನಿಂತು ಒಂದೊಂದು ಹೆಂಚನ್ನೂ ಎಣಿಸಿಕೊಂಡರು. ಒಂದೂ ಒಡೆಯಲಿಲ್ಲ.

ಮಾರ್ಚ್ ೨೭, ಬುಧವಾರ

ಹದಿನಾಲ್ಕನೆಯ ಪಾಠವೂ ಹೋಯಿತು. ಒಂದು ದಿನ ಮುಂಚೆಯೇ. ಫೋನಿನಲ್ಲಿ ಹಪ್ಪಳದ ಸದ್ದಿಲ್ಲ, ಬಾವಿಯಂಥ ಮೌನ.

ಮಧ್ಯಾಹ್ನ ಅದು ತಾನಾಗಿ ಹೊಡೆದುಕೊಂಡಿತು. ಮೇಡಂ.

"ಲೈನ್ ಹೇಗಿದೆ ಸರ್?"

"ಚೆನ್ನಾಗಿದೆ."

"ಹಾಗಾದ್ರೆ ದೂರು ಮುಚ್ತೀನಿ. ಸಂಪರ್ಕ ನಿಮ್ಮ ಮನೆಯವರ ಹೆಸರಲ್ಲಿದೆ, ದೂರು ಕೊಟ್ಟವರ ಹೆಸರೂ ಬೇಕು. ನಿಮ್ಮ ಹೆಸರು ಹೇಳಿ."

ಬಾಯಿ ತೆರೆದೆ. ಬೀಗ ಬಿತ್ತು. ಈ ಮೂರು ವಾರದಲ್ಲಿ ಅವರು ನನ್ನ ಹೆಸರನ್ನೇ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ಈಗ ಸಿಕ್ಕಿಬಿದ್ದೆ. ಲೈನು ಕನ್ನಡಿಯ ಹಾಗಿದೆ, ಯಾರ ಮೇಲೆ ಹೊರಿಸಲಿ? ಆದರೂ, "ಲೈ... ಲೈನು..." ಎಂದೆ.

"ಲೈನು ಚೆನ್ನಾಗಿದೆ ಸರ್," ಎಂದರು ಮೆಲ್ಲಗೆ. "ನಿಧಾನಕ್ಕೆ ಹೇಳಿ. ಯಾವತ್ತಿನ ಹಾಗೆ."

"ನಿಮ್ಗೆ... ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ಲೈನು ಕಟ್ಟಾದ್ರೆ ಉಸಿರು ಕೇಳ್ಸಲ್ಲ ಸರ್. ನಿಮ್ಮ ಉಸಿರು ಕೇಳ್ತಾ ಇತ್ತು. ಯಾರೋ ಏನೋ ಹೇಳೋಕೆ ಇದಾರೆ ಅಂತ ಗೊತ್ತಾಯ್ತು."

ಗಡಿಯಾರ ನೋಡಲೂ ತೋಚಲಿಲ್ಲ. ಅವರು ಕಾದರು. ನಾಲ್ಕನೇ ಸಲಕ್ಕೆ ಹೆಸರು ಬಂತು, ಪೂರ್ತಿ, ಮನೆತನದ ಹೆಸರಿನ ಸಮೇತ.

"ಬರ್ಕೊಂಡೆ. ಇಷ್ಟು ಚಂದದ ಹೆಸರು," ಎಂದರು.

ದೂರು ಮುಚ್ಚಿದೆ ಎಂದು ಮೆಸೇಜು ಬಂದಿರಬಹುದು. ತಾರಸಿಗೆ ಹೋಗಿ ನೋಡಿಲ್ಲ.

ಏಪ್ರಿಲ್ ೯, ಮಂಗಳವಾರ

ಬರೆಯಲು ಏನೂ ಇಲ್ಲದೆ ಎರಡು ವಾರ ಆಯಿತು. ನೆಟ್ ಹೋಗಲೇ ಇಲ್ಲ. ಮಾವ ಹೊಸ ಕಣ್ಣಿನೊಂದಿಗೆ ಮರಳಿದ್ದಾರೆ, ಮನೆಯ ಧೂಳೆಲ್ಲ ಈಗಲೇ ಬಂದು ಕೂತಿದೆ ಎಂದು ಅವರ ವಾದ.

ಮೇಲ್ವಿಚಾರಕರ ಮೆಸೇಜು: ಪರೀಕ್ಷೆಯಲ್ಲಿ ಪದರಶಿಲೆಯ ಪ್ರಶ್ನೆ ಬಂದಿತ್ತಂತೆ. ಒಂಬತ್ತೂ ಜನ ಕಲ್ಲಿನ ಬಗ್ಗೆಯೇ ಬರೆದಿದ್ದಾರಂತೆ. ಲಾಂಡ್ರಿಗೆ ಹೋಗಿ ಹೇಳಿ ಬಂದೆ.

ಏಪ್ರಿಲ್ ೧೩, ಶನಿವಾರ

ಇವಳು ಬಂದಳು. ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಲಾಂಡ್ರಿಯಮ್ಮ ಬಾಗಿಲಿಗೆ ಬಂದರು. ಅವರ ಅಂಗಡಿಯ ನಲ್ಲಿಯಲ್ಲಿ ಎಂಟು ದಿನದಿಂದ ಕೆಂಪು ನೀರು. ನೀರಿನ ಕಚೇರಿಗೆ ಫೋನ್ ಮಾಡಬೇಕಂತೆ.

"ಕೊಡಿ, ನಾನು ಮಾಡ್ತೀನಿ," ಎಂದು ಇವಳು ಎಂದಿನಂತೆ ಫೋನಿಗೆ ಕೈ ಚಾಚಿದಳು.

"ಬೇಡ ತಾಯಿ, ನೀವು ಈಗ ತಾನೇ ಬಂದಿದೀರಿ. ಇವರೇ ಮಾಡ್ಲಿ. ನಂಗೆ ಆಫೀಸಿನವರ ಹತ್ರ ಮಾತಾಡೋಕೆ ಗಡಿಬಿಡಿ ಆಗುತ್ತೆ. ಇವರಾದ್ರೆ ನಿಧಾನವಾಗಿ ಹೇಳ್ತಾರೆ, ಅವರು ಬರ್ಕೊಳೋಕೆ ಆಗುತ್ತೆ."

ಮಾಡಿದೆ. ನೀರಿನ ಕಚೇರಿಯವನಿಗೆ ತಾಳ್ಮೆ ಕಡಿಮೆ. ‘ಪೈಪು’ ಎನ್ನುವಲ್ಲಿ ಸಿಕ್ಕಿಕೊಂಡೆ, ಅವನು ಹಲೋ ಹಲೋ ಎಂದ. "ಇ... ಇದೀನಿ, ಇಡಬೇಡಿ," ಎಂದೆ. ಇಡಲಿಲ್ಲ. ಏಳು ನಿಮಿಷವಾಯಿತು. ಸೋಮವಾರ ಬರುತ್ತಾರೆ.

ಇವಳು ಅಷ್ಟು ಹೊತ್ತೂ ಚೀಲ ಹೆಗಲಲ್ಲೇ ಹಾಕಿಕೊಂಡು ನಿಂತಿದ್ದಳು. ಪ್ರಯಾಣದ ದಣಿವು.

ಏಪ್ರಿಲ್ ೧೪, ಭಾನುವಾರ

ಕಾಫಿ ಕುಡಿಯುತ್ತ ಇವಳು ಈ ನೋಟ್‌ಬುಕ್ಕಿನ ಹೊದಿಕೆ ಮುಟ್ಟಿ, "ತುಂಬ ಬರೆದಿದೀರಲ್ಲ," ಎಂದಳು. ತೆರೆದು ನೋಡಲಿಲ್ಲ. "ದಿನಾ ಒಂದೂವರೆಗೆ ನನ್ನ ಹತ್ರ ಮಾತಾಡ್ತಿದ್ರಿ. ನೆಟ್ ಸರಿಹೋಯ್ತು ಅಂದ್ರಿ, ಅಷ್ಟೇ. ಉಳಿದದ್ದು ನಿಮ್ಮಕ್ಕ ಹೇಳಿದ್ರು."

"ಏನು ಹೇಳಿದ್ಲು?"

"ವಾರಕ್ಕೆ ಮೂರು ಸಲ ಫೋನ್ ಮಾಡ್ತೀರಂತೆ."

"ಮಾತಾಡಿದ್ರೆ ನೆಟ್ ಬರ್ತಿತ್ತು, ಅದಕ್ಕೆ."

"ಲೈನು ರಿಪೇರಿಯಾಗಿ ಮೂರು ವಾರ ಆಗ್ತಾ ಬಂತಲ್ರೀ? ಮತ್ತೆ ಮೊನ್ನೆ ಯಾಕೆ ಮಾಡಿದ್ರಿ?"

ಯೋಚಿಸಿದೆ. ನಿಜ, ಮೊನ್ನೆ ನೆಟ್ ಚೆನ್ನಾಗಿಯೇ ಇತ್ತು. ಅಕ್ಕನ ಕಚೇರಿಯ ಗಾಜಿನ ತೊಟ್ಟಿಯಿಂದ ಒಂದು ಮೀನು ಕಾಣೆಯಾಗಿದೆ. ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇದೆ, ಬೆಕ್ಕಿಲ್ಲ, ಬೀಗ ಅಕ್ಕನ ಕೈಯಲ್ಲಿ. ಅದೆಲ್ಲಿ ಹೋಯಿತೆಂದು ತಿಳಿಯದೆ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ಇವಳಿಗೆ ಅದನ್ನು ಹೇಳಿದೆ. ಮುಚ್ಚಳ, ಬೀಗ, ಹಿಂದಿನ ಶನಿವಾರ ಕಚೇರಿಯಿಂದ ಯಾರು ಕಡೆಗೆ ಹೊರಟರು, ಎಲ್ಲ. ಹೇಳುತ್ತ ಹೇಳುತ್ತ ಕಾಫಿ ಆರಿತು. ಇವಳು ಲೋಟ ಕೆಳಗಿಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮೀನಿನ ವಿಷಯ ಅವಳಿಗೂ ಕುತೂಹಲ ಹುಟ್ಟಿಸಿರಬೇಕು.